ಮೇರಿಯಮ್ಮನ ನಾಣ್ಯ ಯಾವ ಊರಿನದು

ನಮ್ಮ ಮನೆಯಲ್ಲಿ ತಾಮ್ರದ ಪಾತ್ರೆ ಒಂದೂ ಇಲ್ಲ. ತಾಮ್ರದ ಚೊಂಬಿನ ನೀರು ಮೈಗೆ ಒಳ್ಳೆಯದು, ಯಾಕೆ ಇಟ್ಟುಕೊಂಡಿಲ್ಲ ಎಂದು ಬಂದವರು ಕೇಳುತ್ತಾರೆ. ತೊಳೆಯುವವರು ಯಾರು ತಾಯಿ ಎಂದು ನಕ್ಕು ಮಾತು ಹಾರಿಸುತ್ತೇನೆ. ಹೋದ ತಿಂಗಳು ಮೈಸೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಹಿಂದಿನ ದಿನ ಹಿತ್ತಲಲ್ಲಿ ನಾಲ್ಕು ಜನ ಹೆಂಗಸರು ಕಲಶದ ಚೊಂಬು, ಪಂಚಪಾತ್ರೆ, ತಟ್ಟೆಗಳನ್ನು ಗುಡ್ಡೆ ಹಾಕಿಕೊಂಡು ಹುಣಸೆಹಣ್ಣು, ಕಲ್ಲುಪ್ಪು ಹಚ್ಚಿ ತಿಕ್ಕುತ್ತಿದ್ದರು. ಒದ್ದೆ ತಾಮ್ರಕ್ಕೆ ಹುಳಿ ತಾಗಿದಾಗ ಒಂದು ವಾಸನೆ ಬರುತ್ತದೆ, ಬಾಯೊಳಗೆ ರಕ್ತ ಬಂದ ಹಾಗೆ. ಅದು ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಕೈನೋವು ಅಂತ ಹೇಳಿ ಎದ್ದುಹೋದೆ. "ಇವಳಿಗೆ ಮೊದಲಿಂದ್ಲೂ ಕೆಲಸ ಅಂದ್ರೆ ಆಗಲ್ಲ" ಎಂದು ನಾದಿನಿ ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು.

ಅವಳಿಗೇನು ಗೊತ್ತು. ತಾಮ್ರ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಹಬ್ಬದ ಹಿಂದಿನ ದಿನ ಅಮ್ಮ ಅಕ್ಕಂದಿರನ್ನು ಬಿಟ್ಟು ನನ್ನನ್ನೇ ಕರೆಯುತ್ತಿದ್ದಳು. ಬಚ್ಚಲಿನ ಹಂಡೆಯಲ್ಲಿ ಮುಖ ಕಾಣಿಸುವವರೆಗೆ ಬಿಡುತ್ತಿರಲಿಲ್ಲ ನಾನು. ಕಪ್ಪಾದ ತಾಮ್ರ ಮನೆಯಲ್ಲಿದ್ದರೆ ಅದು ಆ ಮನೆಯ ಹೆಂಗಸಿಗೆ ಅವಮಾನ ಎಂದು ನಂಬಿ ಬೆಳೆದವಳು. ಆ ಹೆಮ್ಮೆಯನ್ನೇ ಕಟ್ಟಿಕೊಂಡು ಒಮಾನಿಗೂ ಹೋಗಿದ್ದೆ.

ನಾನು ಹೇಳಬೇಕೆಂದಿರುವುದು ಎರಡು ಸಾವಿರದ ಏಳರ ಮಾತು. ಮಸ್ಕತ್‌ನ ಅಂಚಿನ ಸೀಬ್‌ನಲ್ಲಿ, ವಿಮಾನ ನಿಲ್ದಾಣದ ರಸ್ತೆಗೆ ಹೊಂದಿಕೊಂಡ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಯಾವ ಡ್ರಾಯಿಂಗ್ ಎಷ್ಟನೇ ಸಲ ತಿದ್ದಿದ್ದು, ಯಾವ ದಿನ ಯಾರಿಗೆ ಹೋಯಿತು ಎಂದು ಬರೆದಿಡುವ ಕೆಲಸ. ಗಂಡ ಪ್ರಕಾಶ ಸೊಹಾರ್‌ನ ಸೈಟಿನಲ್ಲಿದ್ದರು, ಅಲ್ಲಿನ ವಾರದ ರಜೆಯಾದ ಗುರುವಾರ ಶುಕ್ರವಾರಕ್ಕೆ ಮಾತ್ರ ಮನೆಗೆ ಬರುತ್ತಿದ್ದರು. ಮಗಳು ಅನಘಾಗೆ ಎಂಟು ವರ್ಷ. ನಾವಿದ್ದದ್ದು ವಾದಿಯ ಹತ್ತಿರದ ಕಟ್ಟಡದ ಎರಡನೇ ಮಹಡಿಯಲ್ಲಿ. ವಾದಿ ಎಂದರೆ ಹೊಳೆಯೇ, ಆದರೆ ವರ್ಷವಿಡೀ ಅದರಲ್ಲಿ ಕಲ್ಲು, ಮರಳು, ಆಡು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅದೇ ಕಟ್ಟಡದ ನೆಲಮಹಡಿಯ ಮನೆಯಲ್ಲಿ ಸಿಲ್ವೆಸ್ಟರ್ ಸರ್ ಇದ್ದರು. ನಮ್ಮ ಆಫೀಸಿನ ಮುಖ್ಯ ಡ್ರಾಫ್ಟ್ಸ್‌ಮನ್, ಮಂಗಳೂರಿನವರು, ಮದುವೆಯಾಗಿರಲಿಲ್ಲ, ಐವತ್ತೇಳು ವರ್ಷ. ಊರಲ್ಲಿ ಒಬ್ಬರು ಅಕ್ಕ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಡ್ರಾಯಿಂಗಿನ ಅಳತೆಗಳನ್ನು ನನ್ನಿಂದ ಗುಟ್ಟಾಗಿ ಓದಿಸಿಕೊಂಡು ಆಫೀಸಿನಲ್ಲಿ ದಿನ ದೂಡುತ್ತಿದ್ದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಆ ವರ್ಷದ ಜನವರಿಯಲ್ಲಿ ಒಂದು ಶುಕ್ರವಾರ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಸುಮಾ, ನಿನ್ನ ಕಣ್ಣು ಸ್ವಲ್ಪ ನನ್ನ ಸ್ವಂತ ಕೆಲಸಕ್ಕೂ ಬೇಕಿತ್ತು ಮಾರಾಯ್ತಿ" ಅಂದರು. ಹಾಗೆ ನಾನು ಅವರ ನಾಣ್ಯಗಳನ್ನು ನೋಡಿದ್ದು.

ಬಿಸ್ಕತ್ತಿನ ದುಂಡು ಡಬ್ಬಿಯೊಂದರಲ್ಲಿ ಮೂವತ್ತೆಂಟು ತಾಮ್ರದ ನಾಣ್ಯಗಳು, ಒಂದೊಂದಕ್ಕೂ ಒಂದೊಂದು ಕಾಗದದ ಲಕೋಟೆ. ಎಲ್ಲವೂ ಪೋಪರ ಆಳ್ವಿಕೆಯವು. ಪೋಪ್ ಎಂದರೆ ಬಿಳಿ ನಿಲುವಂಗಿ ಹಾಕಿ ಕೈ ಬೀಸುವ ಮುದುಕರು ಎಂದಷ್ಟೇ ತಿಳಿದಿದ್ದ ನನಗೆ, ಅವರು ನೂರಾರು ವರ್ಷ ಇಟಲಿಯ ನಡುವೆ ಒಂದು ನಾಡನ್ನೇ ಆಳಿದ್ದರು ಎನ್ನುವುದು ಹೊಸ ಸುದ್ದಿ. "ಪೊಲೀಸ್ ಇತ್ತು, ಜೈಲಿತ್ತು, ಗಲ್ಲಿಗೆ ಹಾಕುವವ ಇದ್ದ, ಟಂಕಸಾಲೆ ಇತ್ತು. ರಾಜನಿಗೆ ಎಂತೆಲ್ಲ ಬೇಕೋ ಎಲ್ಲ ಉಂಟು" ಎಂದರು ಸರ್. ನಾನು ಭಕ್ತಿಯಿಂದ ಕೂಡಿಟ್ಟದ್ದಾ ಎಂದು ಕೇಳಿದೆ. "ಭಕ್ತಿಗೆ ಇಗರ್ಜಿ ಉಂಟಲ್ಲ. ಚಿನ್ನ ಬೆಳ್ಳಿ ದೊಡ್ಡವರ ಪೆಟ್ಟಿಗೆಯಲ್ಲಿ ಮಲಗಿತ್ತು, ಹಾಗಾಗಿ ಈಗಲೂ ಹೊಸದರ ಹಾಗೆ ಸಿಗ್ತದೆ. ತಾಮ್ರ ಬಡವನ ಕೈಯಲ್ಲಿ ಸವೆದದ್ದು. ಅವ ರೊಟ್ಟಿ ತಗೊಂಡದ್ದು ಇದರಲ್ಲಿ. ನನಗೆ ಅವನನ್ನು ನೋಡ್ಬೇಕು."

ಪ್ರತಿ ಶುಕ್ರವಾರ ಬೆಳಿಗ್ಗೆ ಅನಘಾ ಕಾರ್ಟೂನ್ ನೋಡುವ ಹೊತ್ತಿಗೆ ನಾನು ಕೆಳಗಿಳಿದು ಹೋಗುತ್ತಿದ್ದೆ. ಭೂತಗನ್ನಡಿ ನನ್ನ ಕೈಯಲ್ಲಿ, ನಾಣ್ಯದ ವಿದ್ಯೆ ಅವರ ತಲೆಯಲ್ಲಿ. ಒಂದು ಮುಖದಲ್ಲಿ ಪೋಪರ ಲಾಂಛನ: ಮೂರಂತಸ್ತಿನ ಕಿರೀಟ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ಬೀಗದ ಕೈ. ಇನ್ನೊಂದು ಮುಖದಲ್ಲಿ ಎಲೆಗಳ ಹಾರದೊಳಗೆ ಬಯೊಕ್ಕೊ, ಒಂದಕ್ಕಿಂತ ಹೆಚ್ಚಾದರೆ ಬಯೊಕ್ಕಿ, ಎಂದು ನಾಣ್ಯದ ಹೆಸರು, ಇಸವಿ, ಕೆಳಗೊಂದು ಪುಟ್ಟ ಅಕ್ಷರ. ಆರ್ ಇದ್ದರೆ ರೋಮ್, ಬಿ ಇದ್ದರೆ ಬೊಲೋನ್ಯ. ಇಸವಿಯಲ್ಲದೆ ಪೋಪರ ಆಳ್ವಿಕೆಯ ಎಷ್ಟನೇ ವರ್ಷ ಎಂದೂ ರೋಮನ್ ಅಂಕಿಯಲ್ಲಿ ಇರುತ್ತಿತ್ತು. ಒಂದೇ ಇಸವಿಯ ಎರಡು ನಾಣ್ಯದಲ್ಲಿ ಆಳ್ವಿಕೆಯ ವರ್ಷ ಬೇರೆ ಬೇರೆ ಕಂಡು, ಟಂಕಸಾಲೆಯವರ ತಪ್ಪು ಎಂದು ನಾನು ಜಂಬದಿಂದ ಹೇಳಿದೆ. ಸರ್ ನಕ್ಕರು. ಪೋಪ್ ಗದ್ದುಗೆ ಏರಿದ ದಿನದಿಂದ ಆ ವರ್ಷದ ಲೆಕ್ಕ, ಜನವರಿಯಿಂದ ಅಲ್ಲ. ನಮ್ಮ ಸಂವತ್ಸರ ಯುಗಾದಿಯಂದು ಬದಲಾಗುವುದಿಲ್ಲವೇ, ಹಾಗೆ. ಅದು ತಲೆಗೆ ಹೋದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನ ಊಟಕ್ಕೆ ಕೂತ ಪ್ರಕಾಶರಿಗೂ ಪಾಠ ಒಪ್ಪಿಸಿದೆ.

ನಾನು ಓದಿದ್ದನ್ನು ಸರ್ ಒಂದು ನೋಟ್‌ಬುಕ್ಕಿನಲ್ಲಿ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಕನ್ನಡದಲ್ಲಿ ಬರೆಯುತ್ತಿದ್ದರು. ಇಂಗ್ಲಿಷ್ ಆಫೀಸಿಗೆ, ಕೊಂಕಣಿ ಪ್ರಾರ್ಥನೆಗೆ, ಕನ್ನಡ ನನ್ನ ಸ್ವಂತಕ್ಕೆ ಎನ್ನುತ್ತಿದ್ದರು. ಕಣ್ಣಿಂದ ನೋಡದ್ದನ್ನು, ಕೈಗೆ ತಾಗದ್ದನ್ನು ಅದರಲ್ಲಿ ಬರೆಯುವ ಹಾಗಿಲ್ಲ. ಅಂದಾಜಿಗೆ ಅಲ್ಲಿ ಜಾಗವಿರಲಿಲ್ಲ. ಪ್ರತಿ ಸಲವೂ ಕೊನೆಗೆ, "ಬಣ್ಣ ಹೇಳು" ಎಂದು ಕೇಳುತ್ತಿದ್ದರು. ಕಾಫಿ ಬಣ್ಣ, ಕಪ್ಪು, ಹಳೇ ಬೆಲ್ಲದ ಬಣ್ಣ ಎಂದು ನಾನು ಹೇಳುತ್ತಿದ್ದೆ. ಅಷ್ಟು ಸಲ ಕೇಳಿದರಲ್ಲ, ಯಾಕೆ ಕೇಳುತ್ತಾರೆ ಎಂದು ಒಮ್ಮೆಯಾದರೂ ನಾನು ಯೋಚಿಸಬೇಕಿತ್ತು. ನನ್ನ ಕಣ್ಣಿಗೆ ಅದು ಬಣ್ಣವೇ ಆಗಿರಲಿಲ್ಲ, ಕೊಳೆಯಾಗಿತ್ತು. ಪಾಪ, ಒಂಟಿ ಗಂಡಸು, ತಿಕ್ಕಿಕೊಡುವವರಿಲ್ಲ ಎಂದುಕೊಂಡಿದ್ದೆ.

ಎಲ್ಲಕ್ಕಿಂತ ದೊಡ್ಡದು ಒಂದು ಐದು ಬಯೊಕ್ಕಿಯ ನಾಣ್ಯ. ಅದರ ಮೇಲೆ ತಲೆತುಂಬ ಸೆರಗು ಹೊದ್ದ ಮೇರಿಯ ಮುಖ. ಫ್ರೆಂಚರ ಯುದ್ಧದಲ್ಲಿ ಪೋಪರ ಬೆಳ್ಳಿಯೆಲ್ಲ ಹೋದ ಮೇಲೆ ಊರೂರಿನಲ್ಲಿ ತಾಮ್ರಕ್ಕೆ ಈ ಮುಖ ಒತ್ತಿದರಂತೆ. ಹಿಂಭಾಗದಲ್ಲಿ ಒತ್ತಿದ ಊರಿನ ಹೆಸರು. ಬರ್ಕಾದಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಅಬ್ಬಾಸ್ ಎನ್ನುವ ಬ್ಯಾರಿಗೆ ಇದು ಯಾರೋ ಇಟಲಿಯವರು ಖಾಲಿ ಮಾಡಿದ ವಿಲ್ಲಾದ ಸಾಮಾನಿನಲ್ಲಿ ಸಿಕ್ಕಿತ್ತು. ಪುತ್ತೂರಿನ ಕಡೆಯ ಅಬ್ಬಾಸ್ ನಮ್ಮ ಸರ್‌ಗೆ ಹಳೆಯ ಸ್ನೇಹಿತ. ಏಳು ವರ್ಷದ ಹಿಂದೆ ತಂದು ಅವರ ಅಂಗೈಯಲ್ಲಿ ಇಟ್ಟಿದ್ದ. ಸಂಗ್ರಹದಲ್ಲಿ ಊರು ಗೊತ್ತಿಲ್ಲದ ನಾಣ್ಯ ಇದೊಂದೇ. ಹೆಸರಿನ ಎರಡನೆಯ ಮತ್ತು ಮೂರನೆಯ ಅಕ್ಷರ, ಇ ಮತ್ತು ಆರ್, ತಕ್ಕಮಟ್ಟಿಗೆ ಕಾಣುತ್ತಿದ್ದವು, ಮುಂದಿನವು ಸವೆದುಹೋಗಿದ್ದವು. ಮೊದಲಕ್ಷರದ ಮೇಲೆ ಕಲ್ಲಿನಂಥ ಕರಿ ಹೊಪ್ಪಳೆ ಕಟ್ಟಿತ್ತು. ಅದು ಎಫ್ ಆದರೆ ಫೆರ್ಮೊ, ಟಿ ಆದರೆ ತೆರ್ನಿ, ಪಿ ಆದರೆ ಪೆರ್ಗೊಲಾ ಅಥವಾ ಪೆರುಜಾ. ಟಾರ್ಚನ್ನು ಓರೆಯಾಗಿ ಹಿಡಿದು ನೆರಳಲ್ಲಿ ಓದುವುದನ್ನು ಸರ್ ಕಲಿಸಿದರು. ಎಷ್ಟು ಓರೆ ಹಿಡಿದರೂ ನನಗೆ ಕಾಣಲಿಲ್ಲ. "ಕಣ್ಣು ಪೂರ್ತಿ ಹೋಗುವ ಮುಂಚೆ ಇದೊಂದು ಗೊತ್ತಾಗ್ಬೇಕು. ಮತ್ತೆ ಎಂತ ಹೋದ್ರೂ ಹೋಗ್ಲಿ" ಎಂದಿದ್ದರು. ನಾನು ಚಹಾ ಮಾಡುವ ನೆಪದಲ್ಲಿ ಎದ್ದೆ.

ಮೇ ಕೊನೆಗೆ ಎಡಗಣ್ಣಿನಲ್ಲೂ ರಕ್ತ ಒಸರಿತು. ಆಪರೇಷನ್ನಿಗೆಂದು ಮಂಗಳೂರಿಗೆ ಹೊರಟರು. ನೋಟ್‌ಬುಕ್ಕನ್ನು ಬ್ಯಾಗಿನಲ್ಲಿ ಇಟ್ಟುಕೊಂಡು, ಡಬ್ಬಿಯನ್ನು ಕಬ್ಬಿಣದ ಕಪಾಟಿನ ಕೆಳ ಅರೆಯಲ್ಲಿಟ್ಟು, ಮನೆಯ ಬೀಗದ ಕೈ ನನಗೆ ಕೊಟ್ಟರು. ವಾರಕ್ಕೊಮ್ಮೆ ಏಸಿ ಹಾಕು, ಒಳಗೆ ತೇವ ಹಿಡೀಬಾರ್ದು ಎಂದರು. ಬೇರೇನೂ ಹೇಳಲಿಲ್ಲ.

ಒಂದೇ ವಾರಕ್ಕೆ ಗೋನು ಚಂಡಮಾರುತ ಬಂತು. ಅಷ್ಟು ವರ್ಷದಲ್ಲಿ ಮಳೆಯನ್ನೇ ಸರಿಯಾಗಿ ನೋಡಿರದ ಊರು ಅದು. ಇಡೀ ದಿನ ಗಾಳಿ, ಇಡೀ ದಿನ ನೀರು. ಸಂಜೆಯೊಳಗೆ ವಾದಿ ತುಂಬಿ ನಮ್ಮ ಕಟ್ಟಡದ ಬುಡಕ್ಕೆ ಬಂತು. ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ತೇಲಿ ಹೋಗುವುದನ್ನು ನಾನು, ಅನಘಾ ಕಿಟಕಿಯಿಂದ ನೋಡಿದೆವು. ಪ್ರಕಾಶ ಸೊಹಾರ್‌ನಲ್ಲಿ ಸಿಕ್ಕಿಬಿದ್ದಿದ್ದರು, ರಸ್ತೆ ಕಡಿದಿತ್ತು, ಫೋನಿಲ್ಲ, ಕರೆಂಟಿಲ್ಲ. ಮಾರನೆಯ ದಿನ ನೀರಿಳಿದ ಮೇಲೆ ಆಚೆ ಬೀದಿಯಿಂದ ಇಬ್ಬರು ಕೂಲಿಯವರ ಹೆಣ ತೆಗೆದರು ಎಂದು ಕೇಳಿದೆವು. ಮಗುವಿಗೆ ಹೇಳಬೇಡಿ ಎಂದು ಪಕ್ಕದ ಮನೆಯವರಿಗೆ ಸನ್ನೆ ಮಾಡಿದೆ. ಅವಳು ಆಗಲೇ ಕೇಳಿಸಿಕೊಂಡಿದ್ದಳು.

ಸರ್ ಮನೆಯ ಬಾಗಿಲು ಉಬ್ಬಿ ಕಚ್ಚಿಕೊಂಡಿತ್ತು. ಭುಜ ಕೊಟ್ಟು ತಳ್ಳಿ ಒಳಗೆ ಹೋದರೆ ಮೊಣಕಾಲಿನ ಮೇಲಕ್ಕೆ ಗೋಡೆಯಲ್ಲಿ ಕೆಸರಿನ ಗೆರೆ, ಬಿದ್ದ ಫ್ರಿಜ್ಜು, ಕೊಳೆತ ವಾಸನೆ. ಕಪಾಟಿನ ಕೆಳ ಅರೆಯಲ್ಲಿ ಡಬ್ಬಿ ಇತ್ತು, ಒಳಗೆ ಕಂದು ನೀರು ತುಂಬಿ ಲಕೋಟೆಗಳು ಮುದ್ದೆಯಾಗಿದ್ದವು. ನೆಲದ ಮೇಲೆ ಕೂತು ಎಣಿಸಿದೆ. ಮೂವತ್ತೆಂಟೂ ಇದ್ದವು. ಆ ನಾಲ್ಕು ದಿನಗಳಲ್ಲಿ ನಾನು ಅತ್ತದ್ದು ಆಗೊಂದು ಸಲ, ಸಂತೋಷಕ್ಕೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಒಂದು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಇಟ್ಟಿದ್ದರೆ ಕೆಸರು ತಾನಾಗಿ ಉದುರುತ್ತಿತ್ತು. ನಾನು ಬಿಡುವವಳೇ? ಬಾಲ್ಕನಿಯಲ್ಲಿ ಮಣೆ ಹಾಕಿ ಕೂತೆ. ನಲ್ಲಿಯಲ್ಲಿ ನೀರಿರಲಿಲ್ಲ, ಇಡೀ ಮಸ್ಕತ್‌ಗೇ ನೀರಿರಲಿಲ್ಲ, ಕುಡಿಯುವ ಬಾಟಲಿ ನಾಲ್ಕು ಉಳಿದಿದ್ದವು. ಅರ್ಧ ಲೋಟದಲ್ಲಿ ಹುಣಸೆಹಣ್ಣು ನೆನೆಹಾಕಿ, ಒಂದು ಹಿಡಿ ಉಪ್ಪು ಸೇರಿಸಿ, ಒಂದೊಂದೇ ನಾಣ್ಯ ತಿಕ್ಕಿದೆ. ಅಮ್ಮ ಕಲಿಸಿದ ಹಾಗೆ ಹೆಬ್ಬೆರಳಲ್ಲಿ ಸುತ್ತ ಸುತ್ತ. ಕಪ್ಪು ಕರಗಿ ಕೆಂಪು ಬಂತು. ಮೂವತ್ತೆಂಟನ್ನೂ ಒಂದೇ ಮಗ್ ನೀರಿನಲ್ಲಿ ಅದ್ದಿ ತೆಗೆದು, ಹಳೆಯ ಸೀರೆಯ ಚೂರಿನಲ್ಲಿ ಒರೆಸಿ ಸಾಲಾಗಿ ಬಿಸಿಲಿಗೆ ಇಟ್ಟೆ. "ಅಮ್ಮಾ, ದೇ ಆರ್ ಶೈನಿಂಗ್!" ಎಂದಳು ಅನಘಾ.

ಮೇರಿಯಮ್ಮನ ನಾಣ್ಯದ ಮೇಲಿನ ಹೊಪ್ಪಳೆ ಹುಳಿಗೆ ಬಿಟ್ಟಿತ್ತು. ಭೂತಗನ್ನಡಿ ತಂದು ನೋಡಿದೆ. ನೆಟ್ಟಗಿನ ಒಂದು ಕಾಲು, ತುದಿಗೊಂದು ಅಡ್ಡಗೆರೆ, ನಡುವೆ ಚಿಕ್ಕದೊಂದು ಗೆರೆ. ಎಫ್. ಬೆಳಗಿನ ಬಿಸಿಲಿನಲ್ಲಿ, ನನ್ನ ಎರಡು ಕಣ್ಣಿಂದ ನೋಡಿದ್ದು. ಮಗಳನ್ನು ಕರೆದೆ. ಅವಳು ನೋಡಿಯೂ ನೋಡದ ಹಾಗೆ "ನೈಸ್" ಎಂದು ಹೇಳಿ ಪಕ್ಕದ ಮನೆಗೆ ಓಡಿದಳು.

ಫೋನು ಸರಿಯಾಗಲು ಮತ್ತೆ ಮೂರು ದಿನ ಹಿಡಿಯಿತು. ಸರ್ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು, ಅಕ್ಕ ಫೋನನ್ನು ಅವರ ಕಿವಿಗೆ ಹಿಡಿದರು. ಡಬ್ಬಿ ನನ್ನ ಹತ್ತಿರ ಭದ್ರವಾಗಿದೆ ಅಂದೆ. ಆಮೇಲೆ ತಡೆಯಲಾರದೆ, "ಸರ್, ನಿಮ್ಮ ಊರು ಸಿಕ್ತು. ಎಫ್ ಸರ್. ಫೆರ್ಮೊ!" ಎಂದು ಕೂಗಿಬಿಟ್ಟೆ.

"ಎಫ್ ಅಂತ ಖಂಡಿತವಾ?"

"ಖಂಡಿತ ಸರ್. ಪಿ ಆಗಿದ್ರೆ ಹೊಟ್ಟೆ ಇರ್ಬೇಕಿತ್ತಲ್ವಾ, ಇಲ್ಲ. ಟಿ ಆಗಿದ್ರೆ ನಡುವೆ ಗೆರೆ ಇರ್ತಿರ್ಲಿಲ್ಲ."

ಅವರು ಅಕ್ಕನಿಗೆ ಕೊಂಕಣಿಯಲ್ಲಿ ಏನೋ ಹೇಳಿ ಮಗುವಿನ ಹಾಗೆ ನಕ್ಕರು. ಆಮೇಲೆ ಧ್ವನಿ ಬದಲಾಯಿತು. "ಏಳು ವರ್ಷ ನಾನು ನೋಡಿದ್ದು, ಸುಮಾ. ನಿನಗೂ ಕಂಡಿರ್ಲಿಲ್ಲ. ಈಗ ಹೇಗೆ ಕಂಡಿತು? ನೀನು ಅದನ್ನು ತೊಳೀಲಿಲ್ಲ ಅಲ್ವಾ?"

ಬಾವಿಕಟ್ಟೆ ಹತ್ತಿದ ಮಗುವನ್ನು ಕರೆಯುವಾಗ ದನಿ ಹೇಗಿರುತ್ತದೋ ಹಾಗಿತ್ತು ಆ ಪ್ರಶ್ನೆ. ಏನೋ ಅನಾಹುತ ಮಾಡಿದ್ದೇನೆ ಎಂದು ಆ ಕ್ಷಣ ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ. "ಇಲ್ಲ ಸರ್. ಟಾರ್ಚ್ ಓರೆ ಹಿಡ್ದು ನೋಡ್ದೆ, ನೀವು ಹೇಳಿಕೊಟ್ಟ ಹಾಗೆ" ಎಂದೆ.

"ದೇವರು ನಿನ್ನ ಕಣ್ಣು ತಂಪಾಗಿಡ್ಲಿ" ಎಂದರು. "ಪುಸ್ತಕದಲ್ಲಿ ಈಗ ಬರೆಸುದಿಲ್ಲ. ಬಂದು ಉಗುರಲ್ಲಿ ಮುಟ್ಟಿ ನೋಡಿ ಬರೀತೇನೆ."

ಮರುದಿನ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಹಳೆಯ ತಾಮ್ರದ ಮೇಲಿನ ಕಂದು ಕೊಳೆಯಲ್ಲವಂತೆ, ನೂರಾರು ವರ್ಷ ನಿಧಾನವಾಗಿ ಕೂತ ಪದರವಂತೆ, ಅಕ್ಷರಗಳನ್ನು ಕಾಪಾಡುವುದೇ ಅದಂತೆ. ತೆಗೆದರೆ ಮತ್ತೆ ಬರುವುದಿಲ್ಲ. ಆಗ ಒಂದು ಫೋನು ಮಾಡಿ ನಿಜ ಹೇಳಬಹುದಿತ್ತು. ಆಪರೇಷನ್ ಆದವರು, ಅತ್ತರೆ ಹೊಲಿಗೆ ಬಿಚ್ಚೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಪ್ರಕಾಶ ಕ್ಯಾಮೆರಾ ತಂದಾಗ ಎಫ್‌ನ ಫೋಟೊ ತೆಗೆದಿಡೋಣ ಎನಿಸಿತು. ಆದರೆ ಫೋಟೊದಲ್ಲಿ ನಾಣ್ಯ ಹೊಸ ಚೊಂಬಿನ ಹಾಗೆ ಹೊಳೆಯುತ್ತದೆ, ಅವರ ಅಕ್ಕ ನೋಡಿದರೂ ಬಾಯಿ ಬಿಡುತ್ತಾರೆ. ತೆಗೆಯಲಿಲ್ಲ.

ಜುಲೈಯಲ್ಲಿ ಸಮುದ್ರದ ಕಡೆಯ ತೇವದ ಸೆಕೆ. ಬಾಗಿಲ ಹಿಡಿಯೂ ಬೆವರುತ್ತಿತ್ತು. ನಾಣ್ಯಗಳ ಮೇಲೆ ಅಲ್ಲಲ್ಲಿ ತಿಳಿಹಸಿರು ಚುಕ್ಕೆ ಎದ್ದವು. ಒರೆಸಿದರೆ ಪುಡಿ ಉದುರಿತು, ಕೆಳಗೆ ಸಣ್ಣ ಗುಳಿ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಹಸಿರು, ಗುಳಿ ಇನ್ನೂ ಆಳ. ಆ ವಾರವೇ ಸರ್ ಮನೆಯ ಹಾಳಾದ ಫ್ರಿಜ್ಜು, ಮಂಚ ಸಾಗಿಸಲು ಅಬ್ಬಾಸ್ ಪಿಕಪ್ ತಂದಿದ್ದ. ತಡೆಯಲಾರದೆ ಅವನಿಗೆ ಡಬ್ಬಿ ತೋರಿಸಿದೆ. ತಾಮ್ರದ ಪೈಪು, ತಂತಿಗಳಲ್ಲೇ ತಲೆ ನರೆತವನು. ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದ.

"ಅಕ್ಕಾ, ಇದಕ್ಕೆ ಎಂತ ಹಾಕಿದ್ದು ನೀವು? ಉಪ್ಪಾ?"

ತಲೆಯಾಡಿಸಿದೆ.

"ಉಪ್ಪು ಒಳಗೆ ಹೋಗಿ ಕೂತಿದೆ ಅಕ್ಕಾ. ಹಡಗಿನ ಪೈಪಿಗೆ ಹೀಗೇ ಆಗುದು. ಮೇಲಿಂದ ಒರೆಸಿದ್ರೆ ಹೋಗ್ಲಿಕ್ಕಿಲ್ಲ. ಗಾಳಿಯಲ್ಲಿ ತೇವ ಇರುವಷ್ಟು ದಿನ ತಿಂತಾ ಇರ್ತದೆ." ಮೇರಿಯಮ್ಮನನ್ನು ಕೈಗೆತ್ತಿಕೊಂಡು ಗುರುತು ಹಿಡಿದ. "ಯಾ ಅಲ್ಲಾಹ್, ಇದು ನಾನು ಕೊಟ್ಟದ್ದಲ್ವಾ? ಇದು ಖಲಾಸ್ ಅಕ್ಕಾ."

ಕಾರಿನ ಬ್ಯಾಟರಿಗೆ ಹಾಕುವ ನೀರು ಶುದ್ಧ, ಅದರಲ್ಲಿ ನೆನೆಹಾಕಿ ದಿನಾ ಬದಲಿಸಿ ಎಂದು ಅವನೇ ಹೇಳಿ ಎರಡು ಕ್ಯಾನ್ ತಂದುಕೊಟ್ಟ. ಸರ್‌ಗೆ ಹೇಳಬೇಡ ಎಂದು ಕೈಮುಗಿದೆ. "ನಾನು ಹೇಳುದಿಲ್ಲ. ಕೇಳಿದ್ರೆ ಸುಳ್ಳೂ ಹೇಳುದಿಲ್ಲ" ಎಂದು ಹೋದ. ಇಡ್ಲಿ ತಟ್ಟೆಗಳ ಒಂದೊಂದು ಗುಳಿಗೆ ಒಂದೊಂದು ನಾಣ್ಯ ಹಾಕಿ ಎರಡು ತಿಂಗಳು ನೀರು ಬದಲಿಸಿದೆ. ನಮ್ಮ ಮನೆಯಲ್ಲಿ ಇಡ್ಲಿ ನಿಂತುಹೋಯಿತು. ಹೆಚ್ಚುಕಡಿಮೆ ಇಪ್ಪತ್ತು ನಾಣ್ಯಗಳಲ್ಲಿ ಹಸಿರು ಏಳುವುದು ನಿಂತಿತು. ಮೇರಿಯಮ್ಮನದರಲ್ಲಿ ನಿಲ್ಲಲಿಲ್ಲ. ಎಫ್‌ನ ನಡುಗೆರೆ ಮೊದಲು ಹೋಯಿತು, ಆಮೇಲೆ ಮೇಲಿನದು, ಆಗಸ್ಟ್ ಮುಗಿಯುವಷ್ಟರಲ್ಲಿ ಕಾಲೂ ಹೋಗಿ ಅಲ್ಲೊಂದು ಕುಳಿ ಉಳಿಯಿತು. ದಿನಾ ಬೆಳಿಗ್ಗೆ ಎದ್ದು ಅದನ್ನು ನೋಡುವುದು, ಮತ್ತೆ ಆಫೀಸಿಗೆ ಓಡುವುದು. ಅಲ್ಲಿ ಸರ್ ಮೇಜನ್ನು ಆಗಲೇ ಬೇರೆಯವರಿಗೆ ಕೊಟ್ಟಿದ್ದರು, ಅವರ ಸ್ಕೇಲು, ಪೆನ್ನುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ನನ್ನ ಕಾಲ ಬುಡದಲ್ಲಿ ಇಟ್ಟಿದ್ದರು.

ಸೆಪ್ಟೆಂಬರಿನಲ್ಲಿ ಸರ್ ಬಂದರು, ವೀಸಾ ರದ್ದು ಮಾಡಿಸಿ ಹೋಗಲು. ನಾನು, ಅಬ್ಬಾಸ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದರು. ಬಲಗಣ್ಣು ಹೋಗಿತ್ತು, ಎಡಗಣ್ಣಿಗೆ ಕಿಟಕಿ ಯಾವುದು ಗೋಡೆ ಯಾವುದು ಎನ್ನುವಷ್ಟೇ ಗೊತ್ತಾಗುತ್ತಿತ್ತು. ಅವರ ಮನೆ ಇರುವಂತಿರಲಿಲ್ಲ, ಅನಘಾಳ ಕೋಣೆಯಲ್ಲಿ ಉಳಿಸಿಕೊಂಡೆವು. ಮೊದಲ ಎರಡು ದಿನ ಡಬ್ಬಿಯ ಮಾತೆತ್ತಲಿಲ್ಲ. ಹಬ್ಬದ ತಿಂಡಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರಲ್ಲ, ಹಾಗೆ ಉಳಿಸಿಕೊಂಡಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು.

ರಂಜಾನ್ ತಿಂಗಳು, ಆಫೀಸು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಮೂರನೆಯ ದಿನ ಊಟವಾದ ಮೇಲೆ, "ತಾ, ನೋಡುವ" ಎಂದರು. ಉಳಿದವುಗಳಲ್ಲಿ ಚೆನ್ನಾಗಿದ್ದದ್ದನ್ನು ಮೊದಲು ಕೊಟ್ಟೆ. ಎರಡು ಬೆರಳ ನಡುವೆ ಹಿಡಿದು ಹೆಬ್ಬೆರಳಲ್ಲಿ ಒಮ್ಮೆ ಸವರಿದರು. ಕೈ ನಿಂತಿತು.

"ಬಣ್ಣ ಹೇಳು" ಎಂದರು.

"ಕಾಫಿ ಬಣ್ಣ ಸರ್."

ಇನ್ನೊಂದು ಕೊಟ್ಟೆ. "ಇದು?"

"ಕಪ್ಪು."

ಅದನ್ನು ಪಕ್ಕಕ್ಕಿಟ್ಟರು. "ಮೇರಿಯಮ್ಮನ್ನು ಕೊಡು. ಎಫ್ ಎಲ್ಲಿ, ನನ್ನ ಬೆರಳು ಹಿಡಿದು ತೋರ್ಸು."

ಅವರ ಬೆರಳು ಹಿಡಿದು ಉಗುರನ್ನು ಆ ಕುಳಿಯ ಮೇಲೆ ಇಟ್ಟೆ. ಅವರು ಬಹಳ ಹೊತ್ತು ಅಲ್ಲೇ ಹುಡುಕಿದರು. ಪುಡಿ ಉದುರಿ ಮೇಜಿನ ಬಟ್ಟೆಯ ಮೇಲೆ ಬಿತ್ತು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು, ನಾಲಗೆಗೆ ತಾಗಿಸಿದರು.

"ಎಂತದ್ರಲ್ಲಿ ತೊಳೆದದ್ದು?"

"ಹುಣಸೆಹಣ್ಣು, ಉಪ್ಪು" ಎಂದೆ. ಆಮೇಲೆ ಎಲ್ಲ ಹೇಳಿದೆ. ವಾದಿಯ ನೀರು, ಕೆಸರು, ಬಾಲ್ಕನಿ, ಬ್ಯಾಟರಿ ನೀರು, ಒಂದನ್ನೂ ಬಿಡದೆ. ಅಳುತ್ತ ಹೇಳಿದೆ. ಅವರು ಮುಖವನ್ನು ಕಿಟಕಿಯ ಕಡೆಗಿಟ್ಟುಕೊಂಡು ಕೇಳಿದರು.

"ತೊಳೆದದ್ದು ನನಗೆ ಅರ್ಥ ಆಗ್ತದೆ. ನಮ್ಮ ಅಕ್ಕನಾದ್ರೂ ಅದನ್ನೇ ಮಾಡ್ತಿದ್ಲು. ನಾನು ಹೇಳಿ ಹೋಗ್ಬೇಕಿತ್ತು" ಎಂದರು ನಿಧಾನವಾಗಿ. "ಫೋನಿನಲ್ಲಿ ಟಾರ್ಚ್ ಅಂತ ಯಾಕೆ ಹೇಳಿದ್ದು?"

ನಾನು ಮೇಜಿನ ಮೇಲೆ ಉದುರಿದ್ದ ಪುಡಿಯನ್ನು ಬೆರಳಲ್ಲಿ ಒಟ್ಟು ಮಾಡಿದೆ.

"ಈಗ ಕಾಫಿ ಬಣ್ಣ ಅಂತ ಯಾಕೆ ಹೇಳಿದ್ದು?"

"ತಪ್ಪಾಯ್ತು ಸರ್."

"ಹಾಗಾದ್ರೆ ಎಫ್?"

"ಎಫ್ ನಿಜ ಸರ್! ನಾನೇ ನೋಡಿದ್ದು. ನನ್ನ ಮಗಳಾಣೆ..."

"ಮಗುವಿನ ಆಣೆ ಹಾಕ್ಬೇಡ." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾಣ್ಯವನ್ನು ಮೇಜಿನ ಮೇಲಿಟ್ಟು ಎಂದಿನ ದನಿಯಲ್ಲಿ, "ನೋಡಿರ್ಬಹುದು. ಆದ್ರೆ ನಾನು ಹೇಗೆ ಬರೀಲಿ, ಹೇಳು" ಎಂದರು.

ಮುಂದಿನ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಅವರು ತೀರಿಕೊಂಡರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿಯತನಕ ಮೂರು ಸಲ ಫೋನು ಮಾಡಿದ್ದೆ. ಅನಘಾಳ ಓದು ವಿಚಾರಿಸಿದರು, ಅಲ್ಲಿನ ಸೆಕೆ ವಿಚಾರಿಸಿದರು. ನಾಣ್ಯದ ಮಾತು ಆಡಲಿಲ್ಲ. ಆ ಅಕ್ಷರವನ್ನು ಕಂಡು ಓದಿದವರು ಈ ಭೂಮಿಯ ಮೇಲೆ ನಾನೊಬ್ಬಳೇ, ಹೇಳಿದರೆ ನಂಬಲು ಯಾರಿಗೂ ಯಾವ ಕಾರಣವೂ ಇಲ್ಲ.

ಆ ಮಧ್ಯಾಹ್ನ ಅವರು ತಮ್ಮ ಬ್ಯಾಗಿನಿಂದ ನೋಟ್‌ಬುಕ್ ತರಿಸಿದರು. ಕೊನೆಯ ಹಾಳೆಗಳಲ್ಲಿ ಐದು ಬಯೊಕ್ಕಿಯ ಪುಟ ಹುಡುಕಿ ತೆಗೆದೆ. ಪೋಪರ ಹೆಸರು, ಬೆಲೆ, ಇಸವಿ, ಬಣ್ಣ, ಎಲ್ಲವೂ ಅವರ ಹಳೆಯ ಮುತ್ತಿನಂಥ ಅಕ್ಷರದಲ್ಲಿತ್ತು. ಊರು ಎಂದು ಬರೆದು ಮುಂದೆ ಏಳು ವರ್ಷ ಖಾಲಿ ಬಿಟ್ಟ ಜಾಗ. ಪೆನ್ನು ನನ್ನ ಕೈಯಲ್ಲಿತ್ತು. ಅವರಿಗೆ ಹಾಳೆ ಕಾಣುವುದಿಲ್ಲ. ಫೆರ್ಮೊ ಎಂದು ಎರಡೇ ಅಕ್ಷರ, ನಾನು ಬರೆಯಬಹುದಿತ್ತು, ಅದು ನಿಜವೂ ಆಗಿತ್ತು.

"ಬರಿ" ಎಂದರು. "ಊರು ತಿಳಿದಿಲ್ಲ."

ಬರೆದೆ.

"ಓದು."

"ಊರು ತಿಳಿದಿಲ್ಲ" ಎಂದು ಓದಿದೆ.

ಪುಸ್ತಕ ಇಸಿದುಕೊಂಡು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಸಂಜೆ ಉಪವಾಸ ಬಿಟ್ಟು ಅಬ್ಬಾಸ್ ಖರ್ಜೂರ, ಸಮೋಸ ಕಟ್ಟಿಸಿಕೊಂಡು ಬರುವವರೆಗೂ ಅದು ಅಲ್ಲೇ ಇತ್ತು. ನಾನು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. "ಅಬ್ಬಾಸ್, ನಿನಗೆ ಕನ್ನಡ ಓದ್ಲಿಕ್ಕೆ ಬರ್ತದಲ್ಲ. ಕೊನೆಯಲ್ಲಿ ಐದು ಬಯೊಕ್ಕಿಯ ಪುಟದಲ್ಲಿ ಊರು ಅಂತ ಉಂಟಲ್ಲ, ಅದರ ಮುಂದೆ ಎಂತ ಬರ್ದಿದೆ, ಒಮ್ಮೆ ಓದು ನೋಡುವ" ಎಂದು ಸರ್ ಹೇಳುವುದು ಕೇಳಿಸಿತು.